ಹಲಸಿನ ಹಲಗೆಯಲ್ಲಿ ಗಿಟಾರ್ ಮಾಡಲು ಹೊರಟವರು ಓದಿ

ಎಲೆಕ್ಟ್ರಿಕ್ ಗಿಟಾರಿನ ಒಡಲನ್ನು ಮನೆಯಲ್ಲೇ ಕೆತ್ತುವ ಆಸೆಯಿದ್ದರೆ, ಮರ ಕೊರೆಯುವ ರೂಟರ್ ಯಂತ್ರವನ್ನು ಕೈಗೆತ್ತಿಕೊಳ್ಳುವ ಮೊದಲು ನನ್ನ ಕಥೆ ಕೇಳಿ. ಮೂರು ತಿಂಗಳ ಭಾನುವಾರಗಳನ್ನು ಹಾಳು ಮಾಡಿಕೊಂಡು ಬರೆಯುತ್ತಿದ್ದೇನೆ.

ಮರ ಹಲಸು. ತಂಜಾವೂರು ವೀಣೆಗೂ ಮೃದಂಗಕ್ಕೂ ಒದಗುವ ಮರ ಗಿಟಾರಿಗೆ ಯಾಕಾಗದು ಎಂಬುದು ನನ್ನ ವಾದ. ಮರದ ಆಯ್ಕೆಯಲ್ಲಿ ಈಗಲೂ ನನಗೆ ತಪ್ಪು ಕಾಣುವುದಿಲ್ಲ. 45 ಮಿಲಿಮೀಟರ್ ದಪ್ಪದ ಹಲಗೆ, ಸ್ಟ್ರಾಟೋಕಾಸ್ಟರ್ ಮಾದರಿಯ ಎರಡು ಕೊಂಬಿನ ಆಕಾರ. ಗರಗಸದ ಕೆಲಸ ಚೆನ್ನಾಗಿಯೇ ಆಯಿತು. ಕೆಟ್ಟದ್ದು ಅಂಚನ್ನು ದುಂಡಗೆ ಮಾಡುವಾಗ.

ರೂಟರಿನ ತಿರುಗುವ ಅಲಗನ್ನು, ಅಂದರೆ 12 ಮಿಲಿಮೀಟರಿನ ಬಿಟ್ಟನ್ನು, ಪೂರ್ತಿ ಆಳಕ್ಕೆ ಇಳಿಸಿ ಒಂದೇ ಸುತ್ತಿನಲ್ಲಿ ಮುಗಿಸಲು ಹೋದೆ. ಮೊದಲು ಬೆಣ್ಣೆ ತೆಗೆದಂತೆ ಸಾಗಿತು. ನಡುವಿನ ತಗ್ಗು ದಾಟಿ ಕೊಂಬಿನತ್ತ ಏರಿದ್ದೇ ತಡ, ಟಪ್ ಎಂದಿತು. ರೂಟರ್ ಕೈಯಲ್ಲೇ ಒದ್ದುಕೊಂಡಿತು. ಹೆಬ್ಬೆರಳುದ್ದದ ಮರದ ಚೂರು ಗೋಡೆಗೆ ಬಡಿದು ಎಲ್ಲೋ ಮಾಯವಾಯಿತು.

ನಮ್ಮ ಬೀದಿಯ ಆಚಾರಿಯವರು ಗಾಯದ ಮೇಲೆ ಬೆರಳಾಡಿಸಿ, “ಬೆಕ್ಕನ್ನು ಬಾಲದಿಂದ ತಲೆಯ ಕಡೆಗೆ ಸವರಿದ್ದೀರಿ ಸ್ವಾಮಿ, ಪರಚದೆ ಬಿಡುತ್ತದೆಯೇ?” ಎಂದರು. ಮರದ ಎಳೆ (ನಾರು) ಹಲಗೆಯ ಉದ್ದಕ್ಕೆ ಮಲಗಿರುತ್ತದೆ. ಉಬ್ಬಿನಿಂದ ನಡುವಿಗೆ ಇಳಿಯುವಾಗ ಬಿಟ್ ಎಳೆಯನ್ನು ಒತ್ತಿ ಕತ್ತರಿಸುತ್ತದೆ. ಅಲ್ಲಿಂದ ಮೇಲೇರುವಾಗ ಎಳೆಯ ಅಡಿಗೆ ನುಗ್ಗಿ ಸಿಗಿದು ಎಬ್ಬಿಸುತ್ತದೆ. ಏರುವ ಕಡೆಗಳಲ್ಲಿ ಒಂದೊಂದು ಸುತ್ತಿನಲ್ಲಿ ಎರಡು ಮಿಲಿಮೀಟರ್ ಮೀರದೆ ತೆಗೆಯಿರಿ, ಇಲ್ಲವೇ ಯಂತ್ರ ಬಿಟ್ಟು ಅರ ಹಿಡಿಯಿರಿ. ರೂಟರನ್ನು ಉಲ್ಟಾ ದಿಕ್ಕಿನಲ್ಲಿ ಓಡಿಸಿದರಾಯಿತು ಎನ್ನುವವರೂ ಇದ್ದಾರೆ. ಹಾಗೆ ಓಡಿಸಿದರೆ ಅದು ಕೈಯಿಂದ ಕಿತ್ತುಕೊಂಡು ಓಡುತ್ತದೆ, ಹೊಸಬರಿಗೆ ಬೇಡ.

ಹಾರಿದ ಚೂರನ್ನು ಹುಡುಕಿ ಅಂಟಿಸಿದ್ದರೆ ಗಿಟಾರ್ ಬಹುಶಃ ಉಳಿಯುತ್ತಿತ್ತು. ಬದಲಿಗೆ ಬಿಳಿ ಅಂಟಿಗೆ ಮರದ ಹುಡಿ ಕಲಸಿ ಮೆತ್ತಿದೆ. ಒಣಗಿದ ಮೇಲೆ ಒರಟಾದ 80ನೇ ನಂಬರಿನ ಸ್ಯಾಂಡ್‌ಪೇಪರಿನಿಂದ ನೇರ ನಯವಾದ 240ಕ್ಕೆ ಹಾರಿದೆ, ಅದೂ ಉಜ್ಜುವ ಯಂತ್ರದಲ್ಲಿ. ಅಂಗೈಗೆ ರೇಷ್ಮೆಯಂತಿತ್ತು. ಮನೆಯವರನ್ನೆಲ್ಲ ಕರೆದು ಮುಟ್ಟಿಸಿದೆ ಕೂಡ.

ಮರ ಹೀರಿಕೊಳ್ಳುವ ಬಣ್ಣ, ಜೇನುಬಣ್ಣದ ಸ್ಟೇನ್, ಒರೆಸಿದ ಐದೇ ನಿಮಿಷದಲ್ಲಿ ಮಾನ ಹೋಯಿತು. ಮೈತುಂಬ ಸುರುಳಿ ಸುರುಳಿ ಗೀರು, ಬಾಚಣಿಗೆಯಲ್ಲಿ ಉಳಿದ ಗುಂಗುರು ಕೂದಲಿನ ಹಾಗೆ. 80ನೇ ನಂಬರು ಬಿಟ್ಟ ಗೀರುಗಳನ್ನು 240 ಅಳಿಸಿರಲಿಲ್ಲ, ಬರೀ ಮರೆಸಿತ್ತು. ಕೊಂಬಿನ ಬಳಿಯಂತೂ ಅಂಟು ಹರಡಿದಷ್ಟು ಜಾಗ ಪೇಲವವಾಗಿ ಉಳಿಯಿತು. ಅಂಟು ಕುಡಿದ ಮರ ಬಣ್ಣ ಕುಡಿಯುವುದಿಲ್ಲ.

80, 120, 180, 220 ಎಂದು ಒಂದೊಂದೇ ಮೆಟ್ಟಿಲು ಹತ್ತಿ. ಕೊನೆಯದನ್ನು ಮರದ ತುಂಡಿಗೆ ಸುತ್ತಿ, ಎಳೆಯ ದಿಕ್ಕಿನಲ್ಲೇ, ಕೈಯಿಂದ ಉಜ್ಜಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎಳೆ ನಿಮಿರುತ್ತದೆ. ಒಣಗಿದ ಮೇಲೆ ಮತ್ತೊಮ್ಮೆ ಹಗುರವಾಗಿ ಉಜ್ಜಿ. ರಾತ್ರಿ ದೀಪ ಆರಿಸಿ, ಟಾರ್ಚನ್ನು ಮರದ ಮೈಗೆ ಮಲಗಿಸಿ ಹಿಡಿದರೆ ಅಂಗೈ ಮುಚ್ಚಿಟ್ಟ ಸುಳ್ಳೆಲ್ಲ ಹೊರಗೆ ಬರುತ್ತದೆ. ಗಿಟಾರಿನ ಕುತ್ತಿಗೆ ಕೂರುವ ಗುಳಿಯ ಅಂಚಿಗೆ ಮಾತ್ರ ಯಂತ್ರ ತಾಗಿಸಬೇಡಿ. ನನ್ನದು ಅಲ್ಲಿಯೂ ದುಂಡಗಾಗಿ ಸಂದು ಬಿಟ್ಟಿದೆ.

ಹುಡಿಯ ವಿಷಯ ಮರೆತಿದ್ದೆ, ಆಗಲೂ ಮರೆತಿದ್ದೆ. ಮುಚ್ಚಿದ ಕೋಣೆಯಲ್ಲಿ ಮೂಗಿಗೆ ಕರವಸ್ತ್ರ ಕಟ್ಟಿ ಉಜ್ಜಿ ವಾರವಿಡೀ ಕೆಮ್ಮಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಹುಡಿಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿಟ್ಟಿದೆ ಎಂದು ತಿಳಿದದ್ದು ಆಮೇಲೆ. ಎನ್95 ಮಾಸ್ಕ್ ಹಾಕಿ, ಅಂಗಳದಲ್ಲಿ ಉಜ್ಜಿ. ಬೀಟೆಯಾದರಂತೂ ಇನ್ನೂ ಎಚ್ಚರ; ಅದರ ಹುಡಿ ಹಲವರ ಚರ್ಮಕ್ಕೂ ಆಗುವುದಿಲ್ಲ.

ಹಲಸಿನ ಹಳದಿ ಕಾಣಲಿ ಎಂದೇ ಆ ಹಲಗೆ ತಂದಿದ್ದೆ. ಕಳೆದ ವಾರ ಅದಕ್ಕೆ ಕಪ್ಪು ಬಣ್ಣ ಬಳಿದೆ.