ಟೇಲ್‌ವಿಂಡ್ ಥೀಮ್ ಜೊತೆ ಮೂರೂವರೆ ವರ್ಷ: ಕನ್ನಡ ಜಾಲತಾಣ ಕಟ್ಟುವವರ ಅನುಭವ

ಟೇಲ್‌ವಿಂಡ್ ಅಂದರೆ ಜಾಲಪುಟಗಳಿಗೆ ರೂಪ ಕೊಡುವ ಸಿಎಸ್‌ಎಸ್ ಭಾಷೆಯನ್ನು ಸಿದ್ಧ ಕ್ಲಾಸುಗಳಾಗಿ, ಅಂದರೆ ಪುಟದ ಭಾಗಗಳಿಗೆ ಹಚ್ಚುವ ಹೆಸರುಗಳಾಗಿ, ಕೊಡುವ ಸಾಧನ; ಥೀಮ್ ಅಂದರೆ ಅದರಲ್ಲಿ ತಾಣದ ಬಣ್ಣ, ಫಾಂಟು, ಅಳತೆಗಳನ್ನು ಬರೆದಿಡುವ ಜಾಗ. ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. 3ನೇ ಆವೃತ್ತಿಯ ಥೀಮ್ ವ್ಯವಸ್ಥೆಗೆ ಮೂರೇ ಕೊಡುತ್ತಿದ್ದೆ. 2025ರ ಜನವರಿಯಲ್ಲಿ ಬಂದ 4ನೇ ಆವೃತ್ತಿ ಇನ್ನೊಂದನ್ನು ಗಳಿಸಿಕೊಂಡಿತು, ಅದೂ ಒತ್ತಕ್ಷರದ ಲೆಕ್ಕದಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮದು ಮೂವರ ತಂಡ. ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ತಾಣಗಳೇ ಹೆಚ್ಚು: ಒಂದು ಪ್ರಕಾಶನ, ಎರಡು ಸಹಕಾರ ಸಂಘ, ಒಂದು ಮಾಸಪತ್ರಿಕೆ. 2022ರಲ್ಲಿ ಟೇಲ್‌ವಿಂಡ್ ಹಿಡಿದಾಗ ಥೀಮ್ ಅಂದರೆ ಒಂದು ಜಾವಾಸ್ಕ್ರಿಪ್ಟ್ ಕಾನ್ಫಿಗ್ ಫೈಲು. ಅದರಲ್ಲಿ ಎಲ್ಲರೂ ಎಡವುವ ಜಾಗದಲ್ಲೇ ನಾವೂ ಎಡವಿದೆವು. ನಮ್ಮ ಬಣ್ಣಗಳನ್ನು ‘ಎಕ್ಸ್‌ಟೆಂಡ್’ ಒಳಗೆ ಬರೆಯುವ ಬದಲು ನೇರವಾಗಿ ‘ಥೀಮ್’ ಕೆಳಗೆ ಬರೆದೆವು. ಹಾಗೆ ಬರೆದರೆ ಮೊದಲಿನಿಂದ ಇರುವ ಬಣ್ಣಗಳೆಲ್ಲ ಹೋಗುತ್ತವೆ, ಬಿಳಿ ಕಪ್ಪು ಸಮೇತ. ಮರುದಿನ ಬೆಳಿಗ್ಗೆಯಷ್ಟೊತ್ತಿಗೆ ಸರಿಮಾಡಿಕೊಂಡೆವು.

ದೊಡ್ಡ ತಪ್ಪು ಬೇರೆಯದೇ. ಪ್ರಕಾಶನದ ಲೋಗೋ ನೀಲಿ ಇತ್ತು ಅಂತ, ಆ ಬಣ್ಣವನ್ನು ಹೊತ್ತು ಪುಟಗಳಲ್ಲಿ ಬಳಕೆಯಾಗುವ ಟೋಕನ್‌ಗೆ ‘ಬ್ರ್ಯಾಂಡ್-ಬ್ಲೂ’ ಅಂತ ಹೆಸರಿಟ್ಟೆವು. ಒಂದು ವರ್ಷ ಕಳೆಯುವುದರೊಳಗೆ ಅವರು ಲೋಗೋವನ್ನು ಕುಂಕುಮ ಬಣ್ಣಕ್ಕೆ ಬದಲಿಸಿದರು. ಬಣ್ಣದ ಮೌಲ್ಯ ಒಂದೇ ಸಾಲಲ್ಲಿ ಬದಲಾಯಿತು, ಹೆಸರು ಮಾತ್ರ ನೂರಾರು ಕಡೆ ‘ಬ್ಲೂ’ ಎಂದೇ ಉಳಿಯಿತು. ಹೊಸದಾಗಿ ಸೇರಿದ ಹುಡುಗಿ ಆ ಕ್ಲಾಸ್ ಹಾಕಿ, ಬಟನ್ ಕೆಂಪಗೆ ಬಂತೆಂದು ಅರ್ಧ ದಿನ ದೋಷ ಹುಡುಕಿದಳು. ಆಕೆಗೆ ಆ ತೊಂದರೆ ಕೊಟ್ಟದ್ದು ನಾವು. ಅಂದಿನಿಂದ ಎರಡು ಪದರ ಇಟ್ಟುಕೊಂಡಿದ್ದೇವೆ. ಕೆಳಗಿನ ಪದರದಲ್ಲಿ ಕಚ್ಚಾ ಬಣ್ಣಗಳು. ಮೇಲಿನದರಲ್ಲಿ ಕೆಲಸದ ಹೆಸರುಗಳು: ಪ್ರೈಮರಿ, ಸರ್ಫೇಸ್, ಮ್ಯೂಟೆಡ್, ಡೇಂಜರ್. ಪುಟದಲ್ಲಿ ಬರೆಯುವುದು ಮೇಲಿನ ಪದರದ ಹೆಸರುಗಳನ್ನು ಮಾತ್ರ. ಒಂದೊಂದು ಬಿಡಿಭಾಗಕ್ಕೂ ಮೂರನೇ ಪದರ ಬೇಕೆಂದು ದೊಡ್ಡ ತಂಡಗಳು ಹೇಳುತ್ತವೆ. ಮೂವರಿಗೆ ಅದು ಹೊರೆ.

4ನೇ ಆವೃತ್ತಿಯಲ್ಲಿ ಕಾನ್ಫಿಗ್ ಫೈಲು ಬೇಕಾಗಿಲ್ಲ. ಸಿಎಸ್‌ಎಸ್ ಫೈಲಿನಲ್ಲೇ @ಥೀಮ್ ಬ್ಲಾಕ್ ತೆರೆದು ‘--ಕಲರ್-ಪ್ರೈಮರಿ’ ಅಂತ ಬರೆದರೆ ಹಿನ್ನೆಲೆ, ಅಕ್ಷರ, ಅಂಚು ಎಲ್ಲಕ್ಕೂ ಕ್ಲಾಸುಗಳು ತಾವೇ ಹುಟ್ಟುತ್ತವೆ. ಹೆಸರಿನ ಮೊದಲ ಭಾಗವೇ ಅದು ಬಣ್ಣವೋ, ಫಾಂಟೋ, ಬ್ರೇಕ್‌ಪಾಯಿಂಟೋ (ಪರದೆಯ ಅಗಲಕ್ಕೆ ತಕ್ಕಂತೆ ವಿನ್ಯಾಸ ಬದಲಾಗುವ ಗಡಿ) ಎಂದು ಹೇಳುತ್ತದೆ. ಹಿಂದೆ ‘ಪ್ರೈಮರಿ/50’ ಎಂದು ಬಣ್ಣವನ್ನು ತೆಳು ಮಾಡಬೇಕಿದ್ದರೆ, ಮೌಲ್ಯವನ್ನು ಹೊತ್ತ ಹೆಸರಾದ ವೇರಿಯಬಲ್‌ನಲ್ಲಿ ಕೆಂಪು, ಹಸಿರು, ನೀಲಿಯ ಬರೀ ಮೂರು ಅಂಕಿ ಇಡಬೇಕಿತ್ತು. ಈಗ ಬಣ್ಣವನ್ನು ಬಣ್ಣದಂತೆಯೇ ಬರೆಯಬಹುದು.

ಎಲ್ಲಕ್ಕಿಂತ ಮುಖ್ಯ, ಥೀಮ್‌ನ ಮೌಲ್ಯಗಳು ಈಗ ಬ್ರೌಸರಿನಲ್ಲಿ ನಿಜವಾದ ಸಿಎಸ್‌ಎಸ್ ವೇರಿಯಬಲ್‌ಗಳಾಗಿ ಇರುತ್ತವೆ. ಒತ್ತಕ್ಷರದ ವಿಷಯ ಬರುವುದು ಇಲ್ಲಿ.

‘ಟೆಕ್ಸ್ಟ್-5ಎಕ್ಸ್‌ಎಲ್’ ಎಂಬ ದೊಡ್ಡ ಅಕ್ಷರದ ಕ್ಲಾಸ್ ಹಾಕಿ ಎರಡು ಸಾಲಿನ ಕನ್ನಡ ಶೀರ್ಷಿಕೆ ಬರೆದು ನೋಡಿ. ಆ ಅಳತೆಯಿಂದ ಮೇಲಕ್ಕೆ ಟೇಲ್‌ವಿಂಡ್ ಕೊಡುವ ಸಾಲಿನ ಎತ್ತರ 1, ಅಂದರೆ ಅಕ್ಷರದ ಗಾತ್ರದಷ್ಟೇ. ಇಂಗ್ಲಿಷಿಗೆ ಅದು ಅಂದವಾಗಿಯೇ ಇದೆ. ಆದರೆ ಮೇಲಿನ ಸಾಲಲ್ಲಿ ‘ರಾಷ್ಟ್ರೀಯ’ ಅಥವಾ ‘ಸ್ವಾತಂತ್ರ್ಯ’ ಇದ್ದು, ಕೆಳಗಿನ ಸಾಲಲ್ಲಿ ಗುಡಿಸು ಇರುವ ಅಕ್ಷರ ಬಂದರೆ, ಒತ್ತು ಇಳಿದು ಗುಡಿಸಿನ ಮೇಲೆ ಕೂರುತ್ತದೆ. ಉದ್ದದ ಸಾಲನ್ನು ಮೊಟಕು ಮಾಡುವ ‘ಟ್ರಂಕೇಟ್’ ಕ್ಲಾಸ್ ಹಾಕಿದ ಕಡೆಯಂತೂ ಹೊರಗೆ ಚಾಚಿದ್ದನ್ನೆಲ್ಲ ಮುಚ್ಚುವುದರಿಂದ ಒತ್ತಿನ ತಳವೇ ಕತ್ತರಿಸಿಹೋಗುತ್ತದೆ. ‘ಟ್ರ್ಯಾಕಿಂಗ್-ಟೈಟ್’ ಅಕ್ಷರಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಪತ್ರಿಕೆಯ ಸಂಪಾದಕರು ಫೋನಿನ ಚಿತ್ರ ಕಳಿಸಿ, “ಇದನ್ನ ಓದೋದು ಹೇಗೆ ಸಾರ್?” ಅಂತ ಕೇಳಿದ್ದರು. ಅವರ ಪ್ರಶ್ನೆ ನ್ಯಾಯವಾಗಿತ್ತು.

3ನೇ ಆವೃತ್ತಿಯಲ್ಲಿ ಈ ಅಳತೆಗಳು ಅಂಕಿಗಳಾಗಿಯೇ ಸಿಎಸ್‌ಎಸ್‌ಗೆ ಇಳಿಯುತ್ತಿದ್ದವು. ವೇರಿಯಬಲ್ ಬೇಕೆಂದರೆ ಕೈಯಾರೆ ಹೆಣೆಯಬೇಕು, ಇಲ್ಲವೇ ಪ್ರತಿ ಶೀರ್ಷಿಕೆಗೂ ಕನ್ನಡಕ್ಕೊಂದು ಇಂಗ್ಲಿಷಿಗೊಂದು ಕ್ಲಾಸ್ ಬರೆಯಬೇಕು. ನಾವು ಎರಡನೆಯದನ್ನು ಮಾಡುತ್ತಿದ್ದೆವು, ಮರೆಯುತ್ತಲೂ ಇದ್ದೆವು. ಈಗ ಕನ್ನಡ ಭಾಷೆಯ ಭಾಗಗಳಿಗೆ ಮಾತ್ರ ಅನ್ವಯಿಸುವ :ಲ್ಯಾಂಗ್(ಕೆಎನ್) ಎಂಬ ಒಂದೇ ಬ್ಲಾಕಿನಲ್ಲಿ ‘--ಟೆಕ್ಸ್ಟ್-5ಎಕ್ಸ್‌ಎಲ್--ಲೈನ್-ಹೈಟ್’ 1.4, ಒತ್ತೊತ್ತಾದ ಸಾಲಿನ ಎತ್ತರವಾದ ‘--ಲೀಡಿಂಗ್-ಟೈಟ್’ 1.25ರ ಬದಲು 1.5, ‘--ಟ್ರ್ಯಾಕಿಂಗ್-ಟೈಟ್’ ಸೊನ್ನೆ ಎಂದು ಬರೆದಿದ್ದೇವೆ. ಮೈಬರಹಕ್ಕೆ 1.5 ಬದಲು 1.75. ನೋಟೋ ಸ್ಯಾನ್ಸ್ ಕನ್ನಡ ಫಾಂಟಿಗೆ ನಮಗೆ ಹಿಡಿಸಿದ ಅಳತೆಗಳು ಇವು. ಬೇರೆ ಫಾಂಟಿಗೆ ನೀವೇ ಕಣ್ಣಳತೆ ನೋಡಿಕೊಳ್ಳಿ. ಪುಟದ ಕ್ಲಾಸುಗಳನ್ನು ಮುಟ್ಟಿಯೇ ಇಲ್ಲ. ಒಂದು ಎಚ್ಚರಿಕೆ: ಕನ್ನಡ ಪುಟದ ನಡುವೆ ಇಂಗ್ಲಿಷ್ ಭಾಗವಿದ್ದರೆ ಅದಕ್ಕೂ ಕನ್ನಡದ ಅಳತೆಗಳೇ ಹರಿದುಬರುತ್ತವೆ. ಅದಕ್ಕೆ ಇಂಗ್ಲಿಷಿನ ಬ್ಲಾಕೂ ಬೇಕು. ಶೀರ್ಷಿಕೆಗಳು ಸರಿಹೋದ ದಿನ ನಮಗೆ ನಿಜವಾಗಿ ಖುಷಿಯಾಯಿತು.

ಥೀಮ್ ಬದಲಾವಣೆಯಲ್ಲಿ ಎರಡು ದಿನ ತಿಂದ ಗಂಟೊಂದನ್ನೂ ಹೇಳಬೇಕು. @ಥೀಮ್ ಒಳಗೆ ‘--ಕಲರ್-ಸರ್ಫೇಸ್’ಗೆ ಇನ್ನೊಂದು ವೇರಿಯಬಲ್ ‘--ಸರ್ಫೇಸ್’ ಅನ್ನು ಕೊಟ್ಟಿದ್ದೆವು. ಇಡೀ ಪುಟ ಡಾರ್ಕ್ (ಕಡುಬಣ್ಣದ ಹಿನ್ನೆಲೆ) ಆದಾಗ ಎಲ್ಲ ಸರಿ. ಪುಟದೊಳಗಿನ ಒಂದು ಪೆಟ್ಟಿಗೆ ಮಾತ್ರ ಡಾರ್ಕ್ ಆಗಬೇಕೆಂದು ಅದರ ಮೇಲೆ ‘--ಸರ್ಫೇಸ್’ ಬದಲಿಸಿದರೆ ಏನೂ ಆಗಲಿಲ್ಲ. ಕಾರಣ ಸಿಎಸ್‌ಎಸ್‌ನ ನಿಯಮ: ಒಂದು ವೇರಿಯಬಲ್‌ನೊಳಗಿನ ಇನ್ನೊಂದರ ಮೌಲ್ಯ, ಅದನ್ನು ಬರೆದ ಜಾಗದಲ್ಲೇ, ಅಂದರೆ ಪುಟದ ಬೇರಿನಲ್ಲೇ, ತೀರ್ಮಾನವಾಗಿಬಿಡುತ್ತದೆ, ಪೆಟ್ಟಿಗೆಗೆ ಸಿಗುವುದು ತೀರ್ಮಾನವಾದ ಬಣ್ಣ. ‘@ಥೀಮ್ ಇನ್‌ಲೈನ್’ ಎಂದು ಬರೆದರೆ ಕ್ಲಾಸು ಒಳಗಿನ ವೇರಿಯಬಲ್ಲನ್ನೇ ನೇರ ಕೇಳುತ್ತದೆ. ಒಂದು ಪದದಲ್ಲಿ ಬಿಡುವ ಗಂಟು, ಆದರೆ ಅಧಿಕೃತ ಕೈಪಿಡಿಯ ಆ ಭಾಗವನ್ನು ನಾವು ಮೊದಲೇ ಓದಿರಲಿಲ್ಲ. ನೀವು ಓದಿ.

ಅಪ್‌ಗ್ರೇಡ್ ಮಾಡಲು ಅವರದೇ ಸಾಧನವಿದೆ, ಅದಕ್ಕೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ ನೋಡ್‌ನ 20ನೇ ಆವೃತ್ತಿ ಬೇಕು. ಹೆಸರು ಬದಲಾದ ಕ್ಲಾಸುಗಳನ್ನು ಅದು ಬಹುಪಾಲು ತಾನೇ ತಿದ್ದುತ್ತದೆ. ಆದರೂ ಅಂಚುಗಳನ್ನು ಕಣ್ಣಿಟ್ಟು ನೋಡಿ: ಬಣ್ಣ ಹೇಳದ ‘ಬಾರ್ಡರ್’ ಮೊದಲು ತಿಳಿಬೂದು ಆಗಿರುತ್ತಿತ್ತು, ಈಗ ಅಕ್ಷರದ ಬಣ್ಣವನ್ನೇ ತೆಗೆದುಕೊಳ್ಳುತ್ತದೆ. ಬಟನ್‌ನಂಥದರ ಸುತ್ತ ಗೆರೆ ಹಾಕುವ ‘ರಿಂಗ್’ 3 ಪಿಕ್ಸೆಲ್‌ನಿಂದ 1ಕ್ಕೆ ಇಳಿದಿದೆ.

ಐದನೇ ಸ್ಟಾರ್ ಏಕಿಲ್ಲ? ಡಿಸೈನರ್ ಫಿಗ್ಮಾ ಎಂಬ ವಿನ್ಯಾಸ ತಂತ್ರಾಂಶದಲ್ಲಿ ಇಟ್ಟ ಬಣ್ಣಗಳನ್ನು ಇಂದಿಗೂ ಕೈಯಾರೆ @ಥೀಮ್‌ಗೆ ಇಳಿಸುತ್ತೇವೆ. ಅದಕ್ಕೆ ಟೇಲ್‌ವಿಂಡ್‌ನಲ್ಲೇ ದಾರಿಯಿಲ್ಲ. ಇನ್ನೊಂದು, ಹಳೆಯ ಫೋನುಗಳು. 4ನೇ ಆವೃತ್ತಿಗೆ ಕ್ರೋಮ್ 111, ಸಫಾರಿ 16.4, ಫೈರ್‌ಫಾಕ್ಸ್ 128 ಬೇಕು. 4.1ರಲ್ಲಿ ಹಳೆಯ ಬ್ರೌಸರ್‌ಗಳಿಗೆ ಸ್ವಲ್ಪ ಅನುಕೂಲ ಮಾಡಿದ್ದಾರೆ, ಆದರೆ ಗೆರೆ ಅಲ್ಲೇ ಇದೆ. ಆಂಡ್ರಾಯ್ಡ್ 6ರ ಫೋನಿನಲ್ಲಿ ಕ್ರೋಮ್ 106ಕ್ಕೇ ನಿಂತಿದೆ. ನಮ್ಮ ಎರಡು ಸಹಕಾರ ಸಂಘಗಳಲ್ಲಿ ಒಂದರ ಸದಸ್ಯರಲ್ಲಿ ಅಂಥ ಫೋನು ಇಟ್ಟುಕೊಂಡ ಹಿರಿಯರು ಇದ್ದಾರೆ, ಹಾಲಿನ ಲೆಕ್ಕ ಅದರಲ್ಲೇ ನೋಡುತ್ತಾರೆ. ಆ ಒಂದು ತಾಣವನ್ನು 3ರಲ್ಲೇ ಉಳಿಸಿಕೊಂಡಿದ್ದೇವೆ. ಅದರ ಶೀರ್ಷಿಕೆಗಳಿಗೆ ಸಾಲಿನ ಎತ್ತರವನ್ನು ಈಗಲೂ ಒಂದೊಂದಾಗಿ ಬರೆಯುತ್ತೇನೆ.