ಮಾರಿಯೋದ ‘ಮೈನಸ್ ಲೋಕ’ ನೋಡೋಕೆ ಯಾವುದು ಸರಿ: ಅಗ್ಗದ ಟಿವಿ ಗೇಮೋ, ಸ್ವಿಚ್ಚೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನಿಂಟೆಂಡೊ ಕಂಪನಿಯ ಗೇಮ್ ಯಂತ್ರ ಸ್ವಿಚ್‌ನಲ್ಲಿ ಆಡುವ 1985ರ ಮೂಲ ‘ಸೂಪರ್ ಮಾರಿಯೋ ಬ್ರದರ್ಸ್’ಗೆ. ಎರಡು ಸಾವಿರ ಕೊಟ್ಟು ತರಿಸಿದ, ಟಿವಿ ಹಿಂದೆ ಚುಚ್ಚುವ ಅಗ್ಗದ ಗೇಮ್ ಸ್ಟಿಕ್ ಈಗ ಕಪಾಟು ಸೇರಿದೆ.

ನನಗೆ ಬೇಕಿದ್ದದ್ದು 1-2ರ (ಅಂದರೆ ಮೊದಲ ಲೋಕದ ಎರಡನೇ ಹಂತದ) ಕೊನೆಯಿಂದ ಹೋಗುವ ಗುಟ್ಟಿನ ಜಾಗ, ಅದೇ ‘ಮೈನಸ್ ಲೋಕ’. ಅಣಬೆ ತಿಂದು ದೊಡ್ಡವನಾದ ಮಾರಿಯೋ ಬೇಕು. ಪೈಪ್ ಮೇಲಿನ ಇಟ್ಟಿಗೆಗಳಲ್ಲಿ ಗೋಡೆಗೆ ಅಂಟಿದ್ದನ್ನು ಮಾತ್ರ ಉಳಿಸಬೇಕು. ಎಡಕ್ಕೆ ಮುಖ ಮಾಡಿ, ಕೂತಂತೆಯೇ ಬಲಕ್ಕೆ ಜಿಗಿದರೆ ಅವನು ಗೋಡೆಯೊಳಗೇ ಜಾರಿ ಆಚೆ ಹೋಗುತ್ತಾನೆ. ಅಲ್ಲಿರುವ, ಬೇರೆ ಲೋಕಗಳಿಗೆ ಒಯ್ಯುವ ಪೈಪ್‌ಗಳ ನಂಬರ್ ಕಾಣಿಸುವ ಮುಂಚೆ ಎಡಗಡೆಯದಕ್ಕೆ ಇಳಿದರೆ ತೆರೆ ಮೇಲೆ ‘ವರ್ಲ್ಡ್ -1’! ನಿಜವಾಗಿ ಅದು 36-1. ಲೋಕದ ನಂಬರ್ ತೋರಿಸಲು ಆಟ ಬಳಸುವ ಚಿತ್ರಗಳಲ್ಲಿ 36ನೆಯದು ಖಾಲಿ ಚೌಕ, ಅದಕ್ಕೇ ಗೆರೆ ಮತ್ತು 1 ಮಾತ್ರ ಉಳಿಯುತ್ತದೆ. ನೀರೊಳಗಿನ ಆ ದಾರಿಗೆ ಕೊನೆಯೇ ಇಲ್ಲ. ಪೈಪ್ ಹೊಕ್ಕರೆ ಮತ್ತೆ ಶುರುವಿಗೇ ಬರುತ್ತೀರಿ.

ಸ್ಟಿಕ್‌ನಲ್ಲಿ ಕೆಟ್ಟದ್ದು ಇಲ್ಲೇ. ಬಟನ್ ಒತ್ತಿದ ಮೇಲೆ ಮಾರಿಯೋ ಹಾರುವುದು ಒಂದು ಚೂರು ತಡ. ಸುಮ್ನೆ ಓಡಾಡುವಾಗ ಗೊತ್ತಾಗಲ್ಲ. ಈ ಜಿಗಿತಕ್ಕೆ ಮಾತ್ರ ಆ ಚೂರೇ ಜಾಸ್ತಿ. ಗಾಬರಿಯಲ್ಲಿ ಉಳಿಸಿದ ಇಟ್ಟಿಗೆಯೂ ಒಡೆದುಹೋದರೆ ಆ ಪ್ರಯತ್ನ ಅಲ್ಲಿಗೇ ಮುಗಿಯಿತು.

ಟಿವಿಯದ್ದೇ ತಪ್ಪು ಅಂದುಕೊಂಡೆ. ಗೇಮ್ ಮೋಡ್ ಹಾಕಿದೆ, ಹೊಸ ಬ್ಯಾಟರಿ ಹಾಕಿದೆ. ಅಮ್ಮನ ಮನೆಯ ಟಿವಿಗೂ ಒಯ್ದು ನೋಡಿದೆ. ಎಲ್ಲಾ ಕಡೆ ಅದೇ ತಡ. ಮೂರು ಸಂಜೆ ಹೋಯಿತು, ಒಮ್ಮೆಯೂ ಗೋಡೆ ದಾಟಲಿಲ್ಲ. ವಾಪಸ್ ಮಾಡುವ ಅವಧಿಯೂ ಮುಗಿದಿತ್ತು.

ಸ್ವಿಚ್‌ನಲ್ಲಿ ಇಟ್ಟಿಗೆ ಒಡೆದರೆ ಸ್ವಲ್ಪ ಹಿಂದಕ್ಕೆ ತಿರುಗಿಸಿ ಮತ್ತೆ ಜಿಗಿಯಬಹುದು. ಹನ್ನೊಂದನೇ ಸಲಕ್ಕೆ ಆಚೆ ಹೋದೆ. ಮಗಳು ಪಕ್ಕದಲ್ಲೇ ಕೂತು ಕಿರುಚಿದಳು.

ಸ್ವಿಚ್‌ನಲ್ಲಿ ಈ ಹಳೇ ಆಟ ಸಿಗುವುದು ಚಂದಾ ಕಟ್ಟಿದರೆ. ಅದೇ ಚಂದಾದಲ್ಲಿ 1993ರ ‘ಆಲ್-ಸ್ಟಾರ್ಸ್’, ಅಂದರೆ ಇದೇ ಆಟದ ಹೊಸ ರೂಪ ಇರುವ ಸಂಗ್ರಹ, ಕೂಡ ಸಿಗುತ್ತದೆ. ಬಣ್ಣ ಚೆಂದ, ಆದರೆ ಈ ಗುಟ್ಟಿನ ದಾರಿ ಮುಚ್ಚಿದ್ದಾರೆ. ಮೂಲದಲ್ಲಿ ಮೋಡ, ಪೊದೆ ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಅದನ್ನು ಮೊದಲ ಸಲ ಗಮನಿಸಿದಾಗ ಎಷ್ಟು ಖುಷಿಯಾಗುತ್ತೆ ಅಲ್ವಾ?

ಬಾವುಟ ಹಿಡಿದಾಗ ಟೈಮಿನ ಕೊನೆಯ ಅಂಕಿ 1, 3 ಅಥವಾ 6 ಇದ್ದರೆ ಅಷ್ಟೇ ಪಟಾಕಿ ಹಾರುತ್ತವೆ. ಸ್ಟಿಕ್‌ನಲ್ಲೂ ಹಾರುತ್ತವೆ.

ಬರೀ ಇದಕ್ಕಾಗಿ ಸ್ವಿಚ್ ಕೊಳ್ಳಿ ಅನ್ನಲಾರೆ, ದುಬಾರಿ. ನಮ್ಮಲ್ಲಿ ಭಾವ ದುಬೈಯಿಂದ ತಂದದ್ದು ಇತ್ತು, ಚಂದಾ ವರ್ಷಕ್ಕೆ 20 ಡಾಲರ್. ರಾತ್ರಿ ಪಾತ್ರೆ ತೊಳೆದಾದ ಮೇಲೆ ನನಗೆ ಸಿಗುವುದು ಅರ್ಧ ಗಂಟೆ. ನಿನ್ನೆ ಬಿಟ್ಟ ಪೈಪ್ ಮೇಲಿಂದಲೇ ಇವತ್ತು ಶುರು ಮಾಡುತ್ತೇನೆ.