ಪ್ರಯೋಗಾಲಯದ ಆವಿಷ್ಕಾರ: ಪರವಾನಗಿ ಕೊಡುವುದೋ, ಕಂಪನಿ ಕಟ್ಟುವುದೋ?

ಯಾವ ದಾರಿ ಹಿಡಿದರೂ ಮೊದಲು ಪೇಟೆಂಟ್ ಅರ್ಜಿ, ಆಮೇಲೆ ಪ್ರಬಂಧ. ಸಮ್ಮೇಳನದಲ್ಲಿ ಒಂದು ಪೋಸ್ಟರ್ ಅಂಟಿಸಿದರೂ ಯುರೋಪಿನಲ್ಲಿ ಹೊಸತನ ಹೋಯಿತೆಂದೇ ಲೆಕ್ಕ, ಪೇಟೆಂಟ್ ಸಿಗದು. ಮೊದಲ ಅರ್ಜಿಯಾದ 12 ತಿಂಗಳೊಳಗೆ ಅಂತರರಾಷ್ಟ್ರೀಯ ಪಿಸಿಟಿ ಅರ್ಜಿ (ಪೇಟೆಂಟ್ ಸಹಕಾರ ಒಪ್ಪಂದದಡಿ ಹಲವು ದೇಶಗಳಿಗೆ ಒಂದೇ ಅರ್ಜಿ) ಹೋಗಬೇಕು. ಸುಮಾರು 30ನೇ ತಿಂಗಳಿಗೆ ಒಂದೊಂದು ದೇಶದ ಶುಲ್ಕವೂ ಎದುರಾಗುತ್ತದೆ. ಅದನ್ನು ಯಾರು ಕಟ್ಟುತ್ತಾರೆಂಬುದು ಅಷ್ಟರೊಳಗೆ ತೀರ್ಮಾನವಾಗಿರಲಿ.

ಆವಿಷ್ಕಾರವು ಈಗಿರುವ ಉತ್ಪನ್ನದ ಒಂದು ಭಾಗವಷ್ಟೇ ಆಗಿದ್ದರೆ, ಬ್ಯಾಟರಿಯೊಳಗಿನ ಲೇಪನದಂತೆ, ಆ ಉತ್ಪನ್ನ ತಯಾರಿಸುವ ಕಂಪನಿಗೆ ಪರವಾನಗಿ ಕೊಡುವುದೇ ಸರಿ. ಅದರ ಬಳಿ ಕಾರ್ಖಾನೆ, ಗ್ರಾಹಕರು ಎರಡೂ ಸಿದ್ಧ. ಆದರೆ ಆ ಕಂಪನಿ ಆವಿಷ್ಕಾರವನ್ನು ಕಪಾಟಿನಲ್ಲಿಟ್ಟು ಮರೆಯಬಹುದು. ಹಾಗಾಗಿ ಒಪ್ಪಂದದಲ್ಲಿ ಗಡುವು, ಕನಿಷ್ಠ ವಾರ್ಷಿಕ ರಾಯಧನ ಬರೆಸಿ. ತಪ್ಪಿದರೆ ಹಕ್ಕು ವಾಪಸ್ ಬರಬೇಕು.

ಒಂದೇ ತಂತ್ರಜ್ಞಾನದಿಂದ ಹಲವು ಉತ್ಪನ್ನ ಹುಟ್ಟುವಂತಿದ್ದು, ಪೂರ್ಣಾವಧಿ ದುಡಿಯುವವರು ಒಬ್ಬರಾದರೂ ಇದ್ದರೆ ಕಂಪನಿ ಕಟ್ಟಿ. ಬಿಡುವಿನ ವೇಳೆಯಲ್ಲಿ ಆಗುವ ಕೆಲಸ ಇದಲ್ಲ. ಹಕ್ಕು ಸಾಮಾನ್ಯವಾಗಿ ವಿಶ್ವವಿದ್ಯಾಲಯದ್ದಾದ್ದರಿಂದ ನೀವೂ ಪರವಾನಗಿ ಪಡೆಯಬೇಕು. ಸ್ಟ್ಯಾನ್‌ಫರ್ಡ್ ಗೂಗಲ್‌ಗೆ ಹುಡುಕಾಟದ ಪೇಟೆಂಟ್ ಕೊಟ್ಟು ಷೇರು ಪಡೆದಿತ್ತು. ಅವನ್ನು ಮಾರಿದಾಗ ಬಂದದ್ದು ಸುಮಾರು 33.6 ಕೋಟಿ ಡಾಲರ್.

ಹೆಚ್ಚಿನವರು ಎಡವುವುದು ತಯಾರಿಕೆಯ ಪ್ರಮಾಣ ಹಿಗ್ಗಿಸುವಾಗ. ಬೀಕರಿನ ಶಾಖ ಗಾಜಿನ ಗೋಡೆಯಿಂದಲೇ ಹೊರಹೋಗುತ್ತದೆ. 100 ಲೀಟರ್ ಪಾತ್ರೆಯಲ್ಲಿ ಅದು ನಡುವೆಯೇ ಉಳಿದು ಬೇಡದ ವಸ್ತು ಹುಟ್ಟಿಸುತ್ತದೆ. ಹೂಡಿಕೆದಾರರ ಬಳಿ ಹೋಗುವ ಮೊದಲೇ ಈ ಪರೀಕ್ಷೆ ಮಾಡಿ.